ಕಸಾಯಿ ಚಾಚಾನ ಐದು ಚಾಕು, ನಮ್ಮನೆಯ ಒಂದು ಈಳಿಗೆ

ನಮ್ಮ ಮನೆಯವರ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನ ತನಕ ಒಂದು ಕೂದಲೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಅದನ್ನು ಏನೋ ಚರ್ಮದ ಬೇನೆ ಎಂದುಕೊಂಡು, ಔರಾದದ ನನ್ನ ತವರಿಗೆ ಹೇಳಿ ಕಳಿಸಿ ಬೇವಿನ ಎಣ್ಣೆ ತರಿಸಿದ್ದೆ. ಆಮೇಲೆ ಗೊತ್ತಾಯಿತು. ಅವರು ಸಾಣೆ ಹಿಡಿಯುವವರು. ಹರಿತ ಬಂತೋ ಇಲ್ಲವೋ ಎಂದು ನೋಡಲು ಅಲಗನ್ನು ಎಡಗೈಯ ಮೇಲೆ ಒಮ್ಮೆ ಸವರುತ್ತಿದ್ದರು. ಕೂದಲು ಸದ್ದಿಲ್ಲದೆ ಉದುರಿದರೆ ಕೆಲಸ ಮುಗಿಯಿತು, ಇಲ್ಲವಾದರೆ ಮತ್ತೆ ಚಕ್ರಕ್ಕೆ. ಬೇವಿನ ಎಣ್ಣೆಯನ್ನು ನಾನು ಚಕ್ರದ ಅಚ್ಚಿಗೆ ಹಚ್ಚಿ ಮುಗಿಸಿದೆ.

ನಾವಿದ್ದದ್ದು ಬೀದರ ಶಹರದಲ್ಲಿ, ಮೈಲೂರಿಗೆ ಹೋಗುವ ದಾರಿಯ ಮೇಲೆ, ಎರಡು ಖೋಲಿಯ ಮನೆಯಲ್ಲಿ. ನಿಜಾಮರ ಆಳಿಕೆಯ ಕಾಲ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಮನೆಯ ಜಗಳವೆಲ್ಲ ಕನ್ನಡದಲ್ಲಿ. ಮುಂದಿನ ಖೋಲಿಯಲ್ಲಿ ಸಾಣೆಯ ಚಕ್ರ, ಹಿಂದಿನದರಲ್ಲಿ ಒಲೆ. ಚಕ್ರವೆಂದರೆ ಅರಗಿನಲ್ಲಿ ಕುರುಂದದ ಕಲ್ಲಿನ ಪುಡಿ ಕಲಸಿ ಮಾಡಿದ, ಊಟದ ಗಂಗಾಳದಷ್ಟು ಅಗಲದ ಗಾಲಿ. ಅದರ ಅಚ್ಚಿಗೆ ಚರ್ಮದ ಪಟ್ಟಿಯೊಂದನ್ನು ಎರಡು ಸುತ್ತು ಸುತ್ತಿರುತ್ತಾರೆ. ಆ ಪಟ್ಟಿಯ ಎರಡೂ ತುದಿ ಹಿಡಿದು ಒಬ್ಬರು ಎದುರಿಗೆ ಕೂತು, ಒಮ್ಮೆ ಈ ಕೈ ಒಮ್ಮೆ ಆ ಕೈ ಎಳೆಯಬೇಕು. ಆ ಒಬ್ಬರು ನಾನು. ಬಲಗೈ ಎಳೆದಾಗಲೇ ಅಲಗು ಚಕ್ರಕ್ಕೆ ತಾಗುವುದು, ಹಾಗಾಗಿ ಜೋರೆಲ್ಲ ಬಲಗೈಯದು. ಎಡಗೈಗೆ ಬರೀ ಚಕ್ರವನ್ನು ಹಿಂದಕ್ಕೆ ತರುವ ಕೆಲಸ. ಬಂದವರೆಲ್ಲ ಅವರ ಕೈಗುಣವನ್ನು ಹೊಗಳಿ ಹೋಗುತ್ತಿದ್ದರು. ಎದುರಿಗೆ ಬೆವರು ಸುರಿಸುತ್ತ ಕೂತವಳನ್ನು ಚಕ್ರದ ಒಂದು ಭಾಗ ಎಂದುಕೊಂಡಿದ್ದರೇನೋ.

ಆದರೂ ನಾನು ಸುಖವಾಗಿದ್ದೆ. ಯಾಕೆಂದರೆ ಮದುವೆಯಾಗಿ ಮೊದಲ ಮೂರು ವರ್ಷ ನಾನಿದ್ದದ್ದು ಭಾಲ್ಕಿಯ ಅವರ ಅಣ್ಣನ ಮನೆಯಲ್ಲಿ; ಅವರು ಬೀದರದಲ್ಲಿ ದುಡಿಯುತ್ತ ಹಬ್ಬಕ್ಕೆ ಬಂದುಹೋಗುತ್ತಿದ್ದರು. ಅಲ್ಲಿ ಆ ಅಣ್ಣನ ಹೆಂಡತಿ, ನನ್ನ ಹಿರಿಯ ನೆಗೆಣ್ಣಿಯ ರಾಜ್ಯ. ಆಕೆ ಉಪ್ಪಿನ ಗಡಿಗೆಯನ್ನೂ ಕೀಲಿ ಹಾಕಿದ ಖೋಲಿಯಲ್ಲಿಟ್ಟು, ಬೇಕಾದಾಗ ಮುಷ್ಟಿಯಲ್ಲಿ ತಂದು ಕೊಡುತ್ತಿದ್ದಳು. ನಾನು ಎರಡನೆಯ ರೊಟ್ಟಿಗೆ ಕೈ ಹಾಕಿದರೆ ಏನೂ ಅನ್ನುತ್ತಿರಲಿಲ್ಲ, ರೊಟ್ಟಿಯ ಬುಟ್ಟಿಯನ್ನು ಸುಮ್ಮನೆ ನೋಡುತ್ತಿದ್ದಳು. ಬೀದರದ ಎರಡು ಖೋಲಿ ಬೇಸಿಗೆಯಲ್ಲಿ ಕಾದ ಹೆಂಚಾದರೂ ಉಪ್ಪು ನನ್ನದು, ರೊಟ್ಟಿ ನನ್ನದು. ಆ ಉಪ್ಪಿಗಾಗಿ ಬೇಕಾದಷ್ಟು ಪಟ್ಟಿ ಎಳೆಯಲು ನಾನು ತಯಾರಿದ್ದೆ.

ಚಕ್ರಕ್ಕೆ ಹೆಚ್ಚು ಕೆಲಸ ಕೊಡುತ್ತಿದ್ದವರು ಕಸಾಯಿಗಳು. ಇಲ್ಲೇ ಇದ್ದದ್ದು ತಮಾಷೆ. ನಾವು ಲಿಂಗ ಕಟ್ಟಿದವರು, ಮಾಂಸ ಮುಟ್ಟಿದವರಲ್ಲ. ನಮ್ಮವರಂತೂ ಕಸಾಯಿ ಓಣಿ ಬಂತೆಂದರೆ ಎರಡು ಓಣಿ ಸುತ್ತು ಹಾಕಿಕೊಂಡು ಹೋಗುವರು. ಅಲ್ಲಿಂದ ಚಾಕು ತೊಳೆದು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು; ನಾನು ಅದನ್ನು ಮತ್ತೊಮ್ಮೆ ಬೂದಿ ಹಚ್ಚಿ ತೊಳೆಯುತ್ತಿದ್ದೆ. ಯಾವ ಚಾಕು ಏನನ್ನು ಕೊಯ್ಯುತ್ತದೆ ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಕೇಳಿದರೆ ಅದು ಕಣ್ಣ ಮುಂದೆ ಬರುತ್ತದೆ, ಬಂದರೆ ಊಟ ಸೇರುವುದಿಲ್ಲ. ಅವರ ತಂದೆ ಹಜಾಮರ ಕ್ಷೌರದ ಕತ್ತಿಗೆ ಸಾಣೆ ಹಿಡಿಯುವುದರಲ್ಲಿ ಹೆಸರಾದ ಕೈ. ಆ ತಂದೆಯಿಂದ ಇವರು ಕಲಿತದ್ದು ಒಂದೇ ಪಾಠ: ಕೂದಲು ತೆಗೆದರೆ ಹರಿತ. ಹೀಗಾಗಿ ಬೀದರದ ಕಸಾಯಿಗಳ ಚಾಕುಗಳೆಲ್ಲ ಗಡ್ಡ ಬೋಳಿಸಲು ತಯಾರಾಗಿ ವಾಪಸು ಹೋಗುತ್ತಿದ್ದವು.

ಇವರೆಲ್ಲರಲ್ಲಿ ಹಿರಿಯನೆಂದರೆ ನಾವು ಚಾಚಾ ಎಂದು ಕರೆಯುತ್ತಿದ್ದ ಮುದುಕ. ಅವನು ಯಾರ ಕೈಗೆ ಚಾಕು ಕೊಟ್ಟನೋ ಉಳಿದ ಕಸಾಯಿಗಳೂ ಅವರ ಕೈಗೇ ಕೊಡುತ್ತಿದ್ದರು. ಅವನವು ಐದು ಚಾಕು. ನಾಲ್ಕರ ಹೆಸರು ನನಗೂ ಗೊತ್ತಿರಲಿಲ್ಲ. ಐದನೆಯದು ಬುಗ್ದಾ, ಎಲುಬು ಕಡಿಯುವ ದಪ್ಪ ಕತ್ತಿ. ಅದರ ಭಾರಕ್ಕೆ ನನ್ನ ಎಳೆತವೂ ದುಪ್ಪಟ್ಟಾಗುತ್ತಿತ್ತು. ಅಂಥ ಬುಗ್ದಾವನ್ನೂ ನಮ್ಮವರು ತೆಳ್ಳಗೆ ಇಳಿಸಿ, ಮಸೆಗಲ್ಲಿನ ಮೇಲೆ ಕನ್ನಡಿ ಮಾಡಿ, ಕೈಯ ಮೇಲೆ ಸವರಿ, ಉದುರಿದ ಕೂದಲನ್ನು ಊದಿ, ನನ್ನ ಕಡೆ ನೋಡುತ್ತಿದ್ದರು. ನಾನು ಭೇಷ್ ಅನ್ನಬೇಕಿತ್ತು, ಅನ್ನುತ್ತಿದ್ದೆ.

ಇಷ್ಟೆಲ್ಲ ಹರಿತದ ನಡುವೆ ನಮ್ಮ ಮನೆಯ ಈಳಿಗೆ ಮಾತ್ರ ಮೊಂಡು. ಬದನೆಕಾಯಿ ಇಟ್ಟರೆ ಕೊಯ್ಯುವ ಬದಲು ಜಜ್ಜುತ್ತಿತ್ತು. ಸಾಣೆ ಹಿಡಿದು ಕೊಡಿರಿ ಎಂದು ಆರು ವರ್ಷದಿಂದ ಹೇಳುತ್ತಿದ್ದೆ. ನಾಳೆ, ಎನ್ನುತ್ತಿದ್ದರು. ಊರಿನವರ ಕೆಲಸ ಮುಗಿಯುತ್ತಲೂ ಇರಲಿಲ್ಲ, ಆ ನಾಳೆ ಬರುತ್ತಲೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಚಾಚಾ ಭಾಲ್ಕಿಯ ಒಂದು ಮದುವೆಗೆ ಮಾಂಸ ಕಡಿಯಲು ಹೋಗಿದ್ದ. ಹೋಗುವ ಮುಂಚೆ ಐದೂ ಚಾಕು ನಮ್ಮಲ್ಲಿಗೆ ಬಂದು ಹೋಗಿದ್ದವು. ಮೂರನೆಯ ದಿನ ಬೆಳಿಗ್ಗೆ ಅವನೇ ಬಂದ. ಕೂಗಾಡಲಿಲ್ಲ. ಕಟ್ಟೆಯ ಮೇಲೆ ಕೂತು ಜೇಬಿನಿಂದ ಒಂದು ಚಿಂದಿ ತೆಗೆದು ಬಿಚ್ಚಿದ. ಒಳಗೆ ಅಕ್ಕಿಕಾಳಿನಷ್ಟು ಕಬ್ಬಿಣದ ಚೂರು. ಬುಗ್ದಾದ ಬಾಯಿ ಎಲುಬಿಗೆ ತಾಗಿ ಮುರಿದು, ಆ ಚೂರು ಊಟದಲ್ಲಿ ಸೇರಿ, ಬೀಗರ ಕಡೆಯ ಹಿರಿಯರ ಹಲ್ಲಿಗೆ ಸಿಕ್ಕಿತ್ತು. ನುಂಗಿದ್ದರೆ ಗತಿಯೇನು ಎಂದು ನೂರು ಜನರೆದುರು ಅವನನ್ನು ಕೇಳಿದರಂತೆ. ಐವತ್ತು ವರ್ಷ ಕಡಿದ ಕೈ, ಅಂದು ತಲೆ ತಗ್ಗಿಸಿ ನಿಂತಿತ್ತು.

"ಧಾರ ಕಮ್ಮಿ ಬಿದ್ದದ ಅಂತ ನಾ ಅನ್ನಂಗಿಲ್ಲ. ಧಾರ ಹೆಚ್ಚಾಗ್ಯದ," ಎಂದ ಚಾಚಾ. "ಬಕ್ರೀದಿಗಿ ಇನ್ನೊಂದು ಸಲ ಕೊಡ್ತೇನಿ. ಮತ್ತ ಹಿಂಗಾದ್ರ ನಾ ಬ್ಯಾರೆ ಕೈ ನೋಡ್ಕೋಬೇಕಾಗ್ತದ. ಸಿಟ್ಟಾಗಬ್ಯಾಡ್ರಿ."

ಹರಿತ ಹೆಚ್ಚಾಯಿತು ಎಂಬ ದೂರನ್ನು ನಮ್ಮವರು ಹುಟ್ಟಿದಾಗಿನಿಂದ ಕೇಳಿದವರಲ್ಲ. ಚಾಚಾ ಓಣಿ ತಿರುಗುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟ ಬಾಯಿ ಸಂಜೆಯ ತನಕ ಮುಚ್ಚಲಿಲ್ಲ. ಕಬ್ಬಿಣ ಖೋಟಾ ಎಂದರು, ಆಡು ಮುದಿಯಾಗಿತ್ತು ಎಂದರು, ಭಾಲ್ಕಿಯ ಆಡುಗಳ ಎಲುಬೇ ಗಟ್ಟಿ ಎಂದರು. ಭಾಲ್ಕಿಯವರ ತಲೆಯೂ ಗಟ್ಟಿಯೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕೊನೆಗೆ ಅವರು ಆ ಮಾತು ಆಡಿದರು: ಮರ್ಯಾದೆ ಇಲ್ಲದ ಮೇಲೆ ಚಕ್ರ ಯಾಕೆ, ಬಕ್ರೀದ್ ಆಗಲಿ, ಅವರು ಬೇರೆ ಕೈ ನೋಡಿಕೊಂಡರೆ ಭಾಲ್ಕಿಗೆ ಹೋಗಿ ಅಣ್ಣನ ಹೊಲದಲ್ಲಿ ದುಡಿಯೋಣ.

ಉಪ್ಪಿನ ಖೋಲಿಯ ಆ ಕೀಲಿ ಕಣ್ಣಿಗೆ ಕಟ್ಟಿತು. ಎರಡು ದಿನ ಪಟ್ಟಿ ಎಳೆಯುತ್ತ ಚಾಚಾನ ಮಾತನ್ನೇ ಯೋಚಿಸಿದೆ. ಹರಿತ ಹೆಚ್ಚಾಯಿತು ಎಂದರೆ ಏನು? ಅದನ್ನು ತಿಳಿಯಬೇಕಾದರೆ ಬುಗ್ದಾ ಮಾಡುವ ಕೆಲಸವನ್ನು ಯಾರಾದರೂ ನೋಡಬೇಕು. ಅವರಂತೂ ನೋಡುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಕೊರಳ ಲಿಂಗವನ್ನು ಸೆರಗಿನಲ್ಲಿ ಭದ್ರ ಮಾಡಿ, ಬಾವಿಗೆ ಹೋಗುತ್ತೇನೆಂದು ಕೊಡ ಹಿಡಿದು ಹೊರಟು, ಕಸಾಯಿ ಓಣಿಯಲ್ಲಿ ಚಾಚಾನ ಹಿತ್ತಿಲ ಬಾಗಿಲು ತಟ್ಟಿದೆ. ಬಾವಿಯ ದಾರಿಯಲ್ಲೇ ಅವರ ಹಿತ್ತಿಲು ಇದ್ದದ್ದು ನನ್ನ ಪುಣ್ಯ. ಪುಣ್ಯ ಎಂಬ ಮಾತು ಇಲ್ಲಿ ಸಲ್ಲುತ್ತದೋ ಇಲ್ಲವೋ, ನಾನು ಆವತ್ತು ಯೋಚಿಸಲಿಲ್ಲ.

ಬಾಗಿಲು ತೆರೆದವಳು ಚಾಚಾನ ಹೆಂಡತಿ. ದೊಡ್ಡ ಮೈ, ಎಲೆಯಡಿಕೆಯ ಬಾಯಿ. ನಾನು ತೊದಲುತ್ತ ಬಂದ ಕಾರಣ ಹೇಳಿದೆ. ಆಕೆ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ; ಹಿತ್ತಿಲ ಗೋಡೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಅಂಗಳಕ್ಕೆ ಕಟ್ಟಿದ ಗೋಣಿಯ ಪರದೆಯ ಹಿಂದೆ ಒಂದು ಮಣೆ ಹಾಕಿದಳು. ಮಣೆಯನ್ನು ನನ್ನೆದುರೇ ತೊಳೆದು ಹಾಕಿದಳು. ಕುಡಿಯಲು ಏನೂ ಕೊಡಲಿಲ್ಲ, ಕೊಟ್ಟರೆ ನಾನು ಸಂಕಟಪಡುತ್ತೇನೆಂದು ಆಕೆಗೆ ಗೊತ್ತಿತ್ತು. "ಮೂಗು ಮುಚ್ಕೋ ಬೇಟಿ, ಕಣ್ಣು ಮುಚ್ಚಬ್ಯಾಡ," ಎಂದಷ್ಟೇ ಹೇಳಿದಳು.

ಮೊದಲ ದಿನ ನಾನು ನೋಡಿದ್ದು ಗೋಣಿಯ ನೂಲುಗಳನ್ನು. ಎಷ್ಟು ನೂಲು ಅಡ್ಡ, ಎಷ್ಟು ಉದ್ದ, ಎಲ್ಲ ಹೇಳಬಲ್ಲೆ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಕಾಲು ಜಾರಿತು ಎಂದು ಸುಳ್ಳು ಹೇಳಿ, ತಲೆಯ ಮೇಲಿಂದ ನೀರು ಹಾಕಿಕೊಂಡು, ಊಟ ಬಿಟ್ಟು ಮಲಗಿದೆ. ಎರಡನೆಯ ದಿನ ಚಾಚಾನ ಕೈಗಳನ್ನಷ್ಟೇ ನೋಡಿದೆ. ಮೂರನೆಯ ದಿನ ಕೈಯಲ್ಲಿದ್ದ ಚಾಕುವನ್ನೂ ನೋಡಿದೆ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ನೋಡುತ್ತ ಮೈ ಮರೆತೆ. ಎಂಟು ದಿನದಲ್ಲಿ ನಮ್ಮ ಬಾವಿಯ ನೀರು ಬಹಳ ಆಳಕ್ಕೆ ಇಳಿದಿದೆ ಎಂದು ಮನೆಯಲ್ಲಿ ಹೇಳಬೇಕಾಯಿತು, ಅಷ್ಟು ಹೊತ್ತಾಗುತ್ತಿತ್ತು.

ಐದು ಚಾಕು, ಐದು ಕೆಲಸ. ಹಲಾಲ್ ಮಾಡುವ ಉದ್ದನೆಯ ಛುರಿ ಒಂದೇ ಎಳೆತಕ್ಕೆ ಕೆಲಸ ಮುಗಿಸಬೇಕು, ಅದರ ಬಾಯಲ್ಲಿ ಒಂದು ಸಣ್ಣ ತೊಡಕೂ ಇರಕೂಡದು. ನಮ್ಮವರ ಕೂದಲ ಪರೀಕ್ಷೆ ಸಲ್ಲುವುದು ಅದೊಂದಕ್ಕೇ. ಚರ್ಮ ಸುಲಿಯುವ ಚಾಕುವಿಗೆ ಹೊಟ್ಟೆ ಹರಿತ ಬೇಕು, ತುದಿ ಮೊಂಡಿರಬೇಕು, ಇಲ್ಲವಾದರೆ ಚರ್ಮ ತೂತಾಗುತ್ತದೆ. ನಮ್ಮವರು ಆ ತುದಿಯನ್ನು ಸೂಜಿ ಮಾಡಿ ಕಳಿಸುತ್ತಿದ್ದರು. ಚಾಚಾ ಅದನ್ನು ಮನೆಗೆ ತಂದ ಮೇಲೆ ಹೊಸ್ತಿಲ ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಳ್ಳುತ್ತಿದ್ದ. ಎಲುಬಿನಿಂದ ಮಾಂಸ ಬಿಡಿಸುವ ಸಣ್ಣ ಚಾಕುವಿಗೆ ತುದಿಯ ಎರಡು ಬೆರಳಷ್ಟು ಜಾಗದಲ್ಲೇ ಎಲ್ಲ ಕೆಲಸ. ಮಾಂಸವನ್ನು ಸಣ್ಣಗೆ ಕೊಚ್ಚುವ ಖೀಮಾದ ಚಾಕುವಿಗೆ ಚಕ್ರದ ತರಿ ಹಾಗೇ ಉಳಿಯಬೇಕು. ಕನ್ನಡಿಯಂತೆ ನುಣುಪಾದರೆ ನಾರಿನ ಮೇಲೆ ಜಾರುತ್ತದೆ. ಇನ್ನು ಬುಗ್ದಾ ಕೊಯ್ಯುವ ಆಯುಧವೇ ಅಲ್ಲ, ಭಾರದಿಂದ ಸೀಳುವಂಥದು. ಅದರ ಬಾಯಿ ದಪ್ಪಗಿರಬೇಕು. ಅದನ್ನು ತೆಳ್ಳಗೆ ಮಾಡಿದ್ದಕ್ಕೇ ಭಾಲ್ಕಿಯ ಮದುವೆಯಲ್ಲಿ ಚೂರು ಹಾರಿದ್ದು.

ತಿಳಿದದ್ದೇನೋ ಆಯಿತು, ಅವರಿಗೆ ಹೇಳುವುದು ಹೇಗೆ? ಕಸಾಯಿಯ ಅಂಗಳದಲ್ಲಿ ಕೂತಿದ್ದೆ ಎಂದರೆ ಭಾಲ್ಕಿಯ ಗಾಡಿ ಮರುದಿನವೇ ಬಾಗಿಲಿಗೆ ಬರುತ್ತದೆ. ಅದಕ್ಕೆ ನನ್ನ ಅಡುಗೆಮನೆಯನ್ನೇ ಮುಂದೆ ಮಾಡಿದೆ. ಬಕ್ರೀದಿನ ಐದು ಚಾಕು ಮನೆಗೆ ಬಂದು, ಅವರು ಎಂದಿನಂತೆ ಸಾಣೆ ಹಿಡಿದು ಮುಗಿಸಿದ ಮರುದಿನ ಮೊದಲು ಬುಗ್ದಾವನ್ನು ಎತ್ತಿ ಒಣ ತೆಂಗಿನಕಾಯಿಯ ಚಿಪ್ಪಿನ ಮೇಲೆ ನಾಲ್ಕು ಏಟು ಹಾಕಿದೆ. ಬಾಯಲ್ಲಿ ಬಿದ್ದ ಕಚ್ಚನ್ನು ತೋರಿಸಿ, ನಮ್ಮ ಔರಾದದಲ್ಲಿ ಚಿಪ್ಪು ಒಡೆಯುವ ಕತ್ತಿಯನ್ನು ಇಷ್ಟು ತೆಳು ಮಾಡುವುದಿಲ್ಲ ಎಂದೆ. ಔರಾದದವರಿಗೆ ಕತ್ತಿ ಯಾವುದು ಕುಡಗೋಲು ಯಾವುದು ತಿಳಿಯುತ್ತದೇನು ಎಂದು ಅವರು ನಕ್ಕರು, ಆದರೆ ಕಚ್ಚನ್ನು ಹೆಬ್ಬೆರಳಲ್ಲಿ ಸವರುತ್ತಲೇ ಇದ್ದರು. ಆಮೇಲೆ ಹಳೆಯ ಕೌದಿಯೊಂದನ್ನು ತಂದು, ಒಳಗಿನ ಬಟ್ಟೆಗೆ ತಾಗದಂತೆ ಮೇಲಿನ ಬಟ್ಟೆಯನ್ನು ಬಿಡಿಸಿ ಕೊಡಿರಿ ಎಂದೆ, ಸುಲಿಯುವ ಚಾಕುವಿನಿಂದಲೇ. ಸೂಜಿಯಂಥ ತುದಿ ಕೌದಿಯನ್ನು ಮೂರು ಕಡೆ ತೂತು ಮಾಡಿತು. ಉಪ್ಪಿನಕಾಯಿಗೆ ತಂದ ಮಾವಿನಕಾಯಿಯ ಗೊರಟ ಬಿಡಿಸಲು ಸಣ್ಣ ಚಾಕು ಕೊಟ್ಟೆ. ಖೀಮಾದ ಚಾಕುವಿಗೆ ನಾರು ಕಡ್ಡಿಯ ಪುಂಡಿಪಲ್ಯ ಹಾಕಿದೆ, ಅದು ನಾರಿನ ಮೇಲೆ ಜಾರಿತು. ಆ ಚಾಕು ತಾಗಿದ ಕಾಯಿಪಲ್ಯವೆಲ್ಲ ಆಮೇಲೆ ಓಣಿಯ ದನಕ್ಕೆ ಹೋಯಿತು. ನಮ್ಮವರು ಇಡೀ ದಿನ ಅಡುಗೆಮನೆಯ ಕೆಲಸ ಮಾಡಿದರು, ತಾವು ಸಾಣೆಯ ವಿದ್ಯೆಯನ್ನು ಪರೀಕ್ಷಿಸುತ್ತಿದ್ದೇವೆಂದು ತಿಳಿದು. ಅಂಥ ಸುಖದ ದಿನ ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ.

ಮರುದಿನ ಅವರು ಐದೂ ಚಾಕುಗಳನ್ನು ಮತ್ತೆ ಚಕ್ರಕ್ಕೆ ತಂದು ಬೇರೆ ಬೇರೆ ಬಗೆಯಲ್ಲಿ ಹಿಡಿದರು. ಬುಗ್ದಾದ ತೆಳು ಬಾಯನ್ನು ತೇಯ್ದು ತೆಗೆದು, ಎರಡೂ ಕಡೆ ಉಬ್ಬು ಉಳಿಯುವಂತೆ ದಪ್ಪ ಬಾಯಿ ಇಳಿಸಿದರು. ಕೈಯ ಮೇಲೆ ಸವರಿದ್ದು ಛುರಿ ಒಂದನ್ನೇ. ಇದೆಲ್ಲ ತಮಗೆ ಮುಂಚೆಯೇ ಹೊಳೆದಿತ್ತು, ಹೇಳಿರಲಿಲ್ಲ ಅಷ್ಟೇ ಎಂದರು. ನಾನು ಭೇಷ್ ಅಂದೆ.

ಬಕ್ರೀದ್ ಮುಗಿದ ನಾಲ್ಕನೆಯ ದಿನ ಚಾಚಾ ಬಂದ. ಮಿಠಾಯಿ ಅಂಗಡಿಯಲ್ಲಿ ಕಟ್ಟಿಸಿದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ. ಅವನ ಮುಖ ನೋಡಿಯೇ ಉಪ್ಪು ನನ್ನಲ್ಲೇ ಉಳಿಯಿತು ಎಂದುಕೊಂಡೆ. ಮೂರು ದಿನ ಕಡಿದರೂ ಬುಗ್ದಾದಿಂದ ಒಂದು ಚೂರು ಹಾರಲಿಲ್ಲ, ಮಣಿಕಟ್ಟು ನೋಯಲಿಲ್ಲ, ಒಂದು ಚರ್ಮ ತೂತಾಗಲಿಲ್ಲ ಎಂದ. ನಮ್ಮವರು ಮೀಸೆಯಲ್ಲೇ ನಗುತ್ತ ಕೂತಿದ್ದರು. ಆಗ ಆ ಪುಣ್ಯಾತ್ಮ ಇನ್ನೊಂದು ಮಾತು ಸೇರಿಸಿದ.

"ನೀವು ಮನಿಯವ್ರನ್ನ ಕಳಿಸಿ ನೋಡಿಸಿದ್ದು ಭಾಳ ಚಲೋ ಆತ್ರಿ. ಎಂಟು ದಿನ ಪರದಾದ ಹಿಂದ ಕುಂತು ನಂದೊಂದೊಂದು ಕೈ ನೋಡ್ಯಾರ. ಅಂಥಾ ಕಣ್ಣು ನಮ್ಮ ಮಕ್ಕಳಿಗೂ ಇಲ್ಲ."

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಅವರು ತಿರುಗಿ ನನ್ನನ್ನು ನೋಡಲಿಲ್ಲ. ತಮ್ಮ ಎಡಗೈಯನ್ನೇ ನೋಡಿಕೊಂಡರು. ಅಲ್ಲಿ ಆಗಲೇ ಕೂದಲು ಚಿಗುರಲು ಹತ್ತಿತ್ತು. "ಹೌದ್ರಿ ಚಾಚಾ," ಎಂದರು. "ನಾನೇ ಕಳಿಸಿದ್ದೆ."

ಚಾಚಾ ಹೋದ. ಅವರು ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಕೂತರು, ಎದ್ದರು. ಸುಳ್ಳು ಹೇಳಿ ನನ್ನ ಮಾನ ಕಾಯ್ದದ್ದು ಊರಿನ ಸಲುವಾಗಿ, ಇನ್ನು ಮನೆಯೊಳಗಿನ ನ್ಯಾಯ ಬೇರೆ ಎಂದು ನನಗನ್ನಿಸಿತು. ಚಾಚಾ ಬೇರೆ ಕೈ ನೋಡಲಿಲ್ಲ, ಚಕ್ರ ಬೀದರದಲ್ಲೇ ಉಳಿಯಿತು. ಭಾಲ್ಕಿಗೆ ಹೋಗುವವಳು ನಾನೊಬ್ಬಳೇ ಎಂದು ನಿಶ್ಚಯಿಸಿಕೊಂಡೆ. ಎರಡು ಸೀರೆ, ವಿಭೂತಿ, ಒಂದು ತಂಬಿಗೆ ಎಂದು ಮನಸ್ಸಿನಲ್ಲೇ ಗಂಟು ಕಟ್ಟಿದೆ. ಉಪ್ಪಿನ ಗಡಿಗೆಯನ್ನೂ ಒಯ್ಯಬೇಕೆಂದು ಹಟ ಬಂತು. ಸಿಟ್ಟೂ ಬಂತು. ಎಂಟು ದಿನ ಮೂಗು ಮುಚ್ಚಿಕೊಂಡು ಕೂತವಳು ನಾನು, ಮೀಸೆಯಲ್ಲಿ ನಕ್ಕವರು ಅವರು.

ಮರುದಿನ ಬೆಳಿಗ್ಗೆ ನಾನು ಬದನೆಕಾಯಿ ಕೊಯ್ಯಲು ಕೂತಾಗ ಅವರು ಅಡುಗೆಮನೆಯ ಹೊಸ್ತಿಲಿಗೆ ಬಂದರು. ಆರು ವರ್ಷದಲ್ಲಿ, ಚಾಕು ಪರೀಕ್ಷಿಸಿದ ಆ ಒಂದು ದಿನ ಬಿಟ್ಟರೆ, ಊಟಕ್ಕಲ್ಲದೆ ಅಲ್ಲಿಗೆ ಬಂದವರಲ್ಲ. ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತರು.

"ನೀ ಹೋಗಿ ಮಂದಿ ಕೈ ನೋಡಿ ಬಂದಿ," ಎಂದರು. "ನಾ ನಿನ್ನ ಕೈ ಒಂದಿನಾನೂ ನೋಡಿಲ್ಲ. ಕೊಯ್ಯಿ, ನೋಡ್ತೇನಿ."

ತಲೆ ತಗ್ಗಿಸಿ ಕೊಯ್ದೆ. ಒಂದು ಬದನೆಕಾಯಿ, ಎರಡು, ಮೂರು. ಚಾಚಾನ ಅಂಗಳದಲ್ಲಿ ನಾನು ಹೇಗೆ ನೋಡುತ್ತಿದ್ದೆನೋ ಹಾಗೇ ಅವರು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ನಾಲ್ಕನೆಯದಕ್ಕೆ, ಎಡಗೈಯಿಂದ ಯಾಕೆ ಒತ್ತುತ್ತಿ ಎಂದು ಕೇಳಿದರು. ಬಲಗೈಯ ಬೆರಳು ಪೂರಾ ಮಡಚುವುದಿಲ್ಲ, ಹಿಡಿತ ಇಲ್ಲ ಎಂದೆ. ಯಾವಾಗಿನಿಂದ ಎಂದರು.

"ಪಟ್ಟಾ ಎಳೀಲಿಕ್ಕ ಹತ್ತಿ ಎರಡನೇ ವರ್ಷದಿಂದ್ರಿ," ಎಂದೆ.

ಅವರು ಎದ್ದು ಬಂದು ನನ್ನ ಬಲಗೈಯನ್ನು ತೆಗೆದುಕೊಂಡು, ಒಂದೊಂದೇ ಬೆರಳನ್ನು ಮಡಚಿ ನೋಡಿದರು. ಅಲಗಿನ ಕಚ್ಚು ನೋಡುವಾಗಿನ ಮುಖವೇ ಅದು. ಈಳಿಗೆಯನ್ನು ಎತ್ತಿಕೊಂಡು ಮುಂದಿನ ಖೋಲಿಗೆ ನಡೆದರು. ನಾನು ರೂಢಿಯಂತೆ ಪಟ್ಟಿ ಹಿಡಿಯಲು ಹಿಂದೆಯೇ ಹೋದೆ. ನೀ ಬೇಡ, ಎಂದರು. ಚಕ್ರಕ್ಕೆ ಬಟ್ಟೆ ಹೊದಿಸಿ, ಮಸೆಗಲ್ಲನ್ನು ತೊಡೆಯ ಮುಂದೆ ಇಟ್ಟುಕೊಂಡು, ಬರೀ ಕೈಯಿಂದ ಮಸೆಯಲು ಕೂತರು. ಚಕ್ರದ ಮೇಲೆ ಸ್ವಲ್ಪ ಹೊತ್ತಿನ ಕೆಲಸ ಅದು. ಕಲ್ಲಿನ ಮೇಲೆ ಮಧ್ಯಾಹ್ನ ದಾಟಿತು. ಊರಿನವರ ಚಾಕುಗಳು ಕಟ್ಟೆಯ ಮೇಲೆ ಕಾದವು. ಬಂದವರಿಗೆಲ್ಲ ನಾಳೆ ಎಂದರು. ಆ ನಾಳೆಯನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಪ್ರತಿ ಸಲವೂ ಕೇಳಿಸಿಕೊಂಡೆ.

ಕೆಲಸ ಮುಗಿದ ಮೇಲೆ ಅವರು ಈಳಿಗೆಯನ್ನು ಕೈಯ ಮೇಲೆ ಸವರಿ ನೋಡಲಿಲ್ಲ. ನನ್ನ ಮುಂದೆ ಇಟ್ಟರು. ಬಾಯಿಯ ಇಳಿಜಾರನ್ನು ನನ್ನ ಎಡಗೈ ಒತ್ತುವ ಕಡೆಗೆ ತಿರುಗಿಸಿದ್ದರು. ಬದನೆಕಾಯಿ ಇಟ್ಟೆ; ಒತ್ತಬೇಕಾಗಲಿಲ್ಲ. ನಾನು ಭೇಷ್ ಅನ್ನಲು ಬಾಯಿ ತೆರೆದೆ. ಅವರು ಅದಕ್ಕೆ ಕಾಯಲಿಲ್ಲ, ಬಡಗಿಯ ಮನೆಗೆ ಹೊರಟರು, ಚಕ್ರವನ್ನು ಕಾಲಿನಿಂದ ತುಳಿದು ತಿರುಗಿಸುವ ಹಲಗೆ ಆಗುತ್ತದೋ ಎಂದು ಕೇಳಲು.

ಈಗ ಅವರ ಆ ಕೈಯೂ ಇಲ್ಲ, ಆ ಚಕ್ರವೂ ಇಲ್ಲ. ಈಳಿಗೆ ಇದೆ. ಸೊಸೆಯರು ಬಲಗೈಯಿಂದ ಒತ್ತುವವರು, ಅವರಿಗೆ ಅದನ್ನು ಕಂಡರಾಗುವುದಿಲ್ಲ. ಸೊಟ್ಟ ಕೊಯ್ಯುತ್ತದೆ, ಯಾರೋ ತಿಳಿಯದವರು ಸಾಣೆ ಹಿಡಿದಿದ್ದಾರೆ ಎನ್ನುತ್ತಾರೆ. ಬಜಾರಿಗೆ ಕಳಿಸಿ ಸರಿ ಮಾಡಿಸುತ್ತೇವೆ ಎಂದು ಎರಡು ಸಲ ಎತ್ತಿಕೊಂಡೂ ಹೋಗಿದ್ದರು. ಎರಡು ಸಲವೂ ನಾನು ಓಣಿಯ ತನಕ ಹಿಂದೆ ನಡೆದು ಕಸಿದುಕೊಂಡು ಬಂದಿದ್ದೇನೆ. ಉಪ್ಪಿನ ಗಡಿಗೆಗೆ ನಾನು ಯಾವತ್ತೂ ಕೀಲಿ ಹಾಕಿದವಳಲ್ಲ, ಯಾರು ಎಷ್ಟು ಬೇಕಾದರೂ ತೆಗೆದುಕೊಳ್ಳಲಿ. ಈ ಈಳಿಗೆಯನ್ನು ಮಾತ್ರ ನನ್ನ ತಲೆದಿಂಬಿನ ಹತ್ತಿರದ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತೇನೆ.